ಸೀನಣ್ಣನ ಪಾರಣೆ

ದೆವ್ವ, ಭೂತ, ಹೋದವರು ಮೈಮೇಲೆ ಬಂದು ಮಾತಾಡುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದೇವರನ್ನು ನಂಬುತ್ತೇನೆ, ರಾಯರನ್ನು ನಂಬುತ್ತೇನೆ. ತುಳಸಿಗೆ ನೀರು ಹಾಕದೆ ಒಂದು ಗುಟುಕು ಕಾಫಿ ಗಂಟಲಿಗೆ ಇಳಿಸಿದವಳಲ್ಲ. ಆದರೆ ದೇವರನ್ನು ನಂಬುವವಳು ಕಂಡಕಂಡ ಕತೆಯನ್ನೆಲ್ಲ ನಂಬಬೇಕೆಂದೇನಿಲ್ಲವಲ್ಲ. ನಮ್ಮ ಬೀದಿಯ ಹೆಂಗಸರು ಯಾರಾದರೂ ಸಂಜೆ ಜಗಲಿಯ ಮೇಲೆ ಕೂತು ಹುಣಸೇಮರದ ಕತೆ ತೆಗೆದರೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ನೆಪ ಹೇಳಿ ಎದ್ದು ಬರುತ್ತಿದ್ದೆ. ಈಗ ನಾನೇ ಒಂದನ್ನು ಹೇಳಲು ಕೂತಿದ್ದೇನೆ. ನಿಮಗೂ ಎದ್ದು ಹೋಗಬೇಕೆನ್ನಿಸಿದರೆ ನನಗೇನೂ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಆಗ ನಾವು ಮದರಾಸಿನ ಪಲ್ಲಾವರಂನಲ್ಲಿದ್ದೆವು. ದೊಡ್ಡ ಯುದ್ಧ ಮುಗಿದು ಹನ್ನೆರಡು ವರ್ಷ ದಾಟಿತ್ತು. ನಮ್ಮ ಯಜಮಾನರಿಗೆ ಎಗ್ಮೋರಿನಲ್ಲಿ ಆಫೀಸು. ಬೆಳಿಗ್ಗೆ ಎಲೆಕ್ಟ್ರಿಕ್ ರೈಲು ಹಿಡಿದು ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮನೆ ಚಿಕ್ಕದು, ಹೆಂಚಿನದು. ತೆಂಕಣ ಗಾಳಿ ಬೀಸಿದರೆ ಕ್ರೋಂಪೇಟೆಯ ಚರ್ಮ ಹದಮಾಡುವ ಜಾಗದ ವಾಸನೆ ನೇರ ದೇವರಮನೆಗೇ ಬರುತ್ತಿತ್ತು. ಆದರೂ ಬಾವಿಯಲ್ಲಿ ಸಿಹಿನೀರು ಇತ್ತು. ಮದರಾಸಿನಲ್ಲಿ ಮನೆಯ ಹಿತ್ತಲಲ್ಲೇ ಸಿಹಿನೀರು ಎಂದರೆ ಅದು ದೇವರು ಕಣ್ಣುಬಿಟ್ಟು ಕೊಟ್ಟದ್ದೇ. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ, ಹಿತ್ತಲಲ್ಲಿ ಬಟ್ಟೆ ಒಣಹಾಕುವಾಗ ತಲೆಯ ಮೇಲೇ ವಿಮಾನ ಹಾದುಹೋಗುತ್ತಿತ್ತು. ಮೊದಮೊದಲು ತಲೆ ತಗ್ಗಿಸುತ್ತಿದ್ದೆ. ಆಮೇಲೆ ಅಭ್ಯಾಸವಾಯಿತು.

ನಮ್ಮ ಜೊತೆ ನನ್ನ ಅಮ್ಮ ಮತ್ತು ನನ್ನ ಅತ್ತಿಗೆ ಇದ್ದರು. ಮಗಳ ಮನೆಯಲ್ಲಿ ತಾಯಿ ಇರುವುದು ಆ ಕಾಲದಲ್ಲಿ ನಾಲ್ಕು ಜನ ಒಪ್ಪುವ ಮಾತಲ್ಲ. ಅಪ್ಪ ಹೋದಮೇಲೆ ಅವರಿಬ್ಬರಿಗೂ ಬೇರೆ ದಿಕ್ಕಿರಲಿಲ್ಲ. ಯಜಮಾನರು ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಇದನ್ನೂ ನಾನು ದೇವರ ದಯೆಯ ಪಟ್ಟಿಯಲ್ಲೇ ಸೇರಿಸಿಕೊಂಡಿದ್ದೇನೆ.

ಅತ್ತಿಗೆ ಎಂದರೆ ನನ್ನ ಒಬ್ಬನೇ ಅಣ್ಣ ಶ್ರೀನಿವಾಸನ ಹೆಂಡತಿ, ಸರಸ್ವತಿ. ಅಣ್ಣನನ್ನು ನಾವೆಲ್ಲ ಸೀನಣ್ಣ ಎನ್ನುತ್ತಿದ್ದೆವು. ಅವನು ಮದುವೆಯಾದ ಹೊಸದರಲ್ಲೇ ಮಿಲಿಟರಿ ಸೇರಿದ. ಮಡಿಮೈಲಿಗೆಯ ಮನೆಯ ಹುಡುಗ ಮಿಲಿಟರಿಗೆ ಹೋದನಲ್ಲ ಎಂದು ಅಪ್ಪ ಒಂದು ವಾರ ಅವನ ಜೊತೆ ಮಾತು ಬಿಟ್ಟಿದ್ದರು. ಒಮ್ಮೆ ರಜೆಯಲ್ಲಿ ಬಂದಾಗ ತನ್ನ ಕೆಲಸ ಏನೆಂದು ಹೇಳಿದ. ಬಂದೂಕು ಹೊಡೆಯುವುದಲ್ಲವಂತೆ. ದೊಡ್ಡ ದೊಡ್ಡ ಕಹಳೆಗಳ ನಡುವೆ ಕೂತು, ಶತ್ರುವಿನ ವಿಮಾನ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಕಿವಿಗೊಟ್ಟು ಕೇಳುವುದಂತೆ. ಅವನ ಕಿವಿ ಚಿಕ್ಕಂದಿನಿಂದಲೂ ಹಾಗೆಯೇ. ಹಾಲಿನವಳು ಬೀದಿಯ ತಿರುವಿನಲ್ಲಿದ್ದಾಗಲೇ ಪಾತ್ರೆ ತೆಗೆದಿಡು ಎನ್ನುತ್ತಿದ್ದ.

"ಅಮ್ಮಾ, ನೀನು ಇಲ್ಲಿ ಒಗ್ಗರಣೆ ಹಾಕಿದರೆ ನನಗೆ ಅಲ್ಲಿ ಕೇಳತ್ತೆ, ಗೊತ್ತಾ?" ಎಂದು ಅಮ್ಮನನ್ನು ರೇಗಿಸಿದ.

"ಕೇಳಿದರೆ ಸಾಲದು, ಊಟಕ್ಕೆ ಕರೆದಾಗ ಬಾ" ಎಂದಳು ಅಮ್ಮ.

ಆಮೇಲೆ ಅವನನ್ನು ಬರ್ಮಾದ ಕಡೆ ಕಳಿಸಿದರು. ಕೆಲವು ತಿಂಗಳಿಗೆ ಸರಕಾರದಿಂದ ತಂತಿ ಬಂತು. ಸತ್ತಿದ್ದಾನೆ ಎಂದಿರಲಿಲ್ಲ. ಪತ್ತೆಯಿಲ್ಲ ಎಂದಿತ್ತು. ಆ ಒಂದು ಮಾತಿನ ಮೇಲೆ ನನ್ನ ಅತ್ತಿಗೆ ಹನ್ನೆರಡು ವರ್ಷಕ್ಕೂ ಮೇಲ್ಪಟ್ಟು ಹಣೆಗೆ ಕುಂಕುಮ ಇಟ್ಟುಕೊಂಡು, ಕೈಗೆ ಬಳೆ ತೊಟ್ಟು, ಬಾಗಿಲಿಗೆ ರಂಗೋಲಿ ಹಾಕಿಕೊಂಡು ಬಂದಿದ್ದಳು. ಮುತ್ತೈದೆ ಎಂದು ಯಾರೂ ಅವಳನ್ನು ಅರಿಶಿನ ಕುಂಕುಮಕ್ಕೆ ಕರೆಯುತ್ತಿರಲಿಲ್ಲ. ಅಲ್ಲ ಎನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಇನ್ನು ಯಜಮಾನರ ಹುಚ್ಚಿನ ಸಂಗತಿ. ಪಲ್ಲಾವರಂನಲ್ಲಿ ಶುಕ್ರವಾರ ಸಂತೆ. ದಂಡು ಇದ್ದ ಊರಾದ್ದರಿಂದ ಆ ಸಂತೆಯಲ್ಲಿ ಬದನೆಕಾಯಿಯ ಪಕ್ಕದಲ್ಲೇ ಮಿಲಿಟರಿಯ ಹಳೆ ಸಾಮಾನೂ ಬರುತ್ತಿತ್ತು. ತೂತುಬಿದ್ದ ನೀರಿನ ಡಬ್ಬಿ, ಒಂಟಿ ಬೂಟು, ಮುಳ್ಳಿಲ್ಲದ ಗಡಿಯಾರ. ಇವರು ಅಲ್ಲಿಂದ ಹಳೆಯ ಫೋಟೋಗಳನ್ನು ಹುಡುಕಿ ತರುತ್ತಿದ್ದರು. ಬೇರೆ ಫೋಟೋ ಅಲ್ಲ, ಯುದ್ಧಕಾಲದ ವಿಮಾನ, ಯಂತ್ರ, ಇಂಥವು. ಹಡಗಿನ ಹೊಟ್ಟೆಯ ಹಾಗೆ ಹೊಟ್ಟೆಯಿದ್ದು ಕೆರೆಯ ನೀರಿನ ಮೇಲೆ ಇಳಿಯುವ ವಿಮಾನ. ಮೇಲುಹೊದಿಕೆ ತೆಗೆದು ಎಲುಬು ಮಾತ್ರ ಕಾಣುವ ವಿಮಾನ. ಹಗ್ಗಕ್ಕೆ ಕಟ್ಟಿ ಆಕಾಶಕ್ಕೆ ಬಿಟ್ಟ, ಆನೆಯಂಥ ಒಂದು ಬಲೂನು. ಅವನ್ನೆಲ್ಲ ಒರೆಸಿ, ಚೊಕ್ಕ ಮಾಡಿ, ಭಾನುವಾರ ಇಡೀ ದಿನ ನೋಡುತ್ತ ಕೂರುತ್ತಿದ್ದರು.

"ಹುಣಸೆಹಣ್ಣು ತನ್ನಿ ಅಂತ ಸಂತೆಗೆ ಕಳಿಸಿದರೆ ವಿಮಾನ ತರ್ತೀರಲ್ಲ" ಎಂದು ನಾನು ಗದರುತ್ತಿದ್ದೆ.

"ಹುಣಸೆಹಣ್ಣು ಬರೋ ಶುಕ್ರವಾರವೂ ಸಿಗತ್ತೆ. ಈ ವಿಮಾನ ಸಿಗತ್ತಾ ಹೇಳು?" ಎನ್ನುವರು.

ಅವರಿಗೆ ಬೀಡಿಯಿಲ್ಲ, ಇಸ್ಪೀಟಿಲ್ಲ. ಇದೊಂದು ಇರಲಿ ಎಂದು ಸುಮ್ಮನಾಗುತ್ತಿದ್ದೆ.

ಒಂದು ಶುಕ್ರವಾರ ಅವರು ತಂದದ್ದು ಸ್ವಲ್ಪ ದೊಡ್ಡ ಫೋಟೋ, ಪಂಚಾಂಗ ಬಿಡಿಸಿಟ್ಟಷ್ಟು. ಗಾಜು ಸಮೇತ ಚೌಕಟ್ಟು ಇತ್ತು. ಯಾವುದೋ ಮಿಲಿಟರಿ ಆಫೀಸಿನ ಗೋಡೆಯ ಮೇಲೆ ಇದ್ದಿರಬೇಕು. ಕೈಕಾಲು ತೊಳೆದು ಬಂದು ನನ್ನನ್ನು ಕರೆದು ತೋರಿಸಿದರು. ಗ್ರಾಮಾಫೋನಿನ ಕಹಳೆಯ ಆಕಾರದವು ನಾಲ್ಕು, ಒಂದೊಂದೂ ಛತ್ರದಲ್ಲಿ ಅಕ್ಕಿ ಬೇಯಿಸುವ ಕೊಪ್ಪರಿಗೆಯಷ್ಟು ಅಗಲ ಬಾಯಿ. ನಡುವೆ ಒಂದು ಕುರ್ಚಿ. ಕಹಳೆಗಳಿಂದ ಬಂದ ಕೊಳವೆಗಳನ್ನು ಎರಡೂ ಕಿವಿಗೆ ಸಿಕ್ಕಿಸಿಕೊಂಡು, ಮುಖ ಸ್ವಲ್ಪ ಮೇಲೆತ್ತಿ, ಒಬ್ಬ ಕೂತಿದ್ದ. "ವಿಮಾನ ಕಣ್ಣಿಗೆ ಕಾಣೋಕೆ ಮುಂಚೆ ಸದ್ದು ಹಿಡಿಯೋ ಯಂತ್ರ ಇದು. ಈಗ ಎಲ್ಲೂ ಇಲ್ಲ" ಎಂದು ಅವರು ಹೇಳುತ್ತಲೇ ಇದ್ದರು. ನನಗೆ ಯಂತ್ರ ಕಾಣಲೇ ಇಲ್ಲ. ಕೂತವನ ಹಣೆಯ ಮೇಲೆ, ಟೋಪಿಯ ಅಂಚಿನಿಂದ ಹುಬ್ಬಿನ ನಡುವಿನವರೆಗೆ, ಒಂದು ಕಪ್ಪು ಗೆರೆ ಇತ್ತು.

ನಮ್ಮ ಕಡೆಯ ಗಂಡಸರ ಹಣೆ ನೋಡಿದವರಿಗೆ ಆ ಗೆರೆ ಏನೆಂದು ಹೇಳಬೇಕಾಗಿಲ್ಲ. ಪೂಜೆಯಾದ ಮೇಲೆ ಇದ್ದಿಲು ತೇಯ್ದು ಹಚ್ಚುವ ಅಂಗಾರ ಅದು. ಮಿಲಿಟರಿ ಬಟ್ಟೆ ಹಾಕಿಕೊಂಡು ಅಂಗಾರ ಬಿಡದ ಇನ್ನೊಬ್ಬ ಮನುಷ್ಯ ಆ ಕಾಲದಲ್ಲಿ ಎಷ್ಟು ಹುಡುಕಿದರೂ ಸಿಗುತ್ತಿದ್ದನೋ ಇಲ್ಲವೋ. ಸೀನಣ್ಣ ಮೇಲಿನವರ ಕೈಲಿ ಬೈಸಿಕೊಂಡೂ ಬಿಟ್ಟಿರಲಿಲ್ಲ. ಹಾಗೆಂದು ಅವನೇ ಹೇಳಿದ್ದ.

ನಾನು ಅಮ್ಮನನ್ನು ಕೂಗಿದೆ. ಅಮ್ಮ ಮಡಿಯಲ್ಲಿದ್ದಳು, ಮುಟ್ಟದೆ ಬಗ್ಗಿ ನೋಡಿದಳು. ನೋಡಿದವಳು ನೆಲದ ಮೇಲೆ ಹಾಗೇ ಕುಳಿತುಬಿಟ್ಟಳು. "ಇವನು ನನ್ನ ಸೀನ" ಎಂದಳು. ಮುಖದ ಅರ್ಧ ಟೋಪಿಯಲ್ಲಿ, ಕೊಳವೆಗಳಲ್ಲಿ ಮುಚ್ಚಿತ್ತು. ಅವನು ಹೋದಾಗ ನಾನಿನ್ನೂ ಚಿಕ್ಕವಳು. ನಿಜ ಹೇಳಬೇಕೆಂದರೆ ನನಗೆ ಅವತ್ತೂ ಖಾತ್ರಿಯಿರಲಿಲ್ಲ, ಇವತ್ತೂ ಇಲ್ಲ. ಯಜಮಾನರು ಮೆಲ್ಲಗೆ, "ಅತ್ತೆ, ಬೇರೆ ಯಾರಾದರೂ ಇರಬಹುದು" ಎಂದರು.

ಅತ್ತಿಗೆ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ತುಂಬ ಹೊತ್ತು ನಿಂತು ನೋಡಿದಳು. ಅಳಲಿಲ್ಲ.

"ಅವರು ಅಂಗಾರ ಹಚ್ಚೋದು ಹೀಗೇ. ಗೆರೆಯ ತುದಿ ಬಲಕ್ಕೆ ವಾಲತ್ತೆ. ಎಷ್ಟು ಸಲ ಹೇಳಿದ್ರೂ ಕೇಳ್ತಿರಲಿಲ್ಲ" ಎಂದಳು.

ಅದನ್ನು ಕೇಳಿದ ಮೇಲೆ ಯಜಮಾನರು ಮೊಳೆ, ಸುತ್ತಿಗೆ ಹುಡುಕಲು ಹೋದರು.

ಆ ಫೋಟೋ ನಡುಮನೆಯ ಗೋಡೆಗೆ ಬಂತು. ದೇವರ ಪಟಗಳ ಸಾಲಿನಲ್ಲೂ ಬೇಡ, ಅಪ್ಪನ ಫೋಟೋ ಪಕ್ಕದಲ್ಲೂ ಬೇಡ ಎಂದು ಅಮ್ಮ ಪಡಸಾಲೆಯ ಬಾಗಿಲ ಎದುರಿನ ಗೋಡೆ ತೋರಿಸಿದಳು. ಹೂವು ಹಾಕಬಾರದು ಎಂದಳು. ಬದುಕಿರುವವನ ಫೋಟೋಗೆ ಹೂವು ಹಾಕುತ್ತಾರೆಯೇ?

ಎರಡು ಮೂರು ದಿನ ಕಳೆದಿರಬೇಕು. ಅಮ್ಮ ಬತ್ತಿ ಹೊಸೆಯುತ್ತ ಫೋಟೋದ ಎದುರೇ ಕೂತಿದ್ದಳು. ಇದ್ದಕ್ಕಿದ್ದ ಹಾಗೆ, "ಅಕ್ಷತೆ ಎಲ್ಲಿ?" ಎಂದಳು.

ಅಂಗಾರದ ಗೆರೆಯ ಕೆಳಗೆ ಅಕ್ಷತೆಯ ಬೊಟ್ಟು ಇರುತ್ತದೆ. ಅರಿಶಿನ ಮತ್ತು ಸುಟ್ಟ ಬಾಳೆಹೂವಿನ ಎಸಳು ಸೇರಿಸಿ ತೇಯ್ದದ್ದು. ನಮ್ಮ ಗಂಡಸರು ಊಟಕ್ಕೆ ಕೂರುವ ಮುಂಚೆ ಅದನ್ನು ಇಟ್ಟುಕೊಳ್ಳುತ್ತಾರೆ. ಏಕಾದಶಿಯ ದಿನ ಊಟವಿಲ್ಲ, ಆದ್ದರಿಂದ ಬೊಟ್ಟೂ ಇಲ್ಲ, ಬರೀ ಗೆರೆ. ಫೋಟೋದಲ್ಲಿ ಗೆರೆ ಇತ್ತು, ಬೊಟ್ಟು ಇರಲಿಲ್ಲ. ಸಂಜೆ ಯಜಮಾನರು ಬಂದಮೇಲೆ ಅಮ್ಮ ಅವರಿಂದಲೂ ನೋಡಿಸಿದಳು. ಅವರು ತಮ್ಮ ಭೂತಗನ್ನಡಿ ತಂದು, ಬೆಳಕಿಗೆ ಹಿಡಿದು, ಇಂಚಿಂಚೂ ನೋಡಿ, "ಇಲ್ಲ ಅತ್ತೆ, ಗೆರೆ ಮಾತ್ರ ಇದೆ. ಕೆಳಗೆ ಚರ್ಮ ಸ್ವಚ್ಛವಾಗಿದೆ" ಎಂದರು. ಅತ್ತಿಗೆ ನೋಡಿದಳು. ನಾನೂ ನೋಡಿದೆ. ಇದನ್ನು ನೀವು ಗಮನದಲ್ಲಿ ಇಟ್ಟುಕೊಳ್ಳಬೇಕು. ನಾಲ್ಕು ಜನ, ನಾಲ್ಕು ಜೊತೆ ಕಣ್ಣು, ಬೊಟ್ಟು ಇರಲಿಲ್ಲ.

"ಅವತ್ತು ಏಕಾದಶಿ. ನನ್ನ ಮಗ ಉಪವಾಸ ಕೂತಿದ್ದಾನೆ" ಎಂದಳು ಅಮ್ಮ. ಸ್ವಲ್ಪ ಹೊತ್ತಾದ ಮೇಲೆ, "ಮಾರನೆ ದಿನ ಪಾರಣೆಗೆ ಯಾರು ಬಡಿಸಿದರೋ" ಎಂದಳು.

ಇದನ್ನು ಓದುವ ಬೇರೆಯವರಿಗೆ ನಗು ಬರಬಹುದು. ಇನ್ನೊಬ್ಬರ ಮನೆಯಲ್ಲಾದರೆ ಆ ಫೋಟೋ ನೋಡಿ ಅಣ್ಣ ಎಷ್ಟು ಗಟ್ಟಿಮುಟ್ಟಾಗಿದ್ದಾನೆ, ಬಟ್ಟೆ ಎಷ್ಟು ಚೆನ್ನಾಗಿದೆ ಎನ್ನುತ್ತಿದ್ದರೋ ಏನೋ. ನಮ್ಮ ಮನೆಯಲ್ಲಿ ಕಂಡದ್ದು ಹಸಿವು ಒಂದೇ. ಒಮ್ಮೆ ಕಂಡ ಮೇಲೆ ಬೇರೆ ಏನೂ ಕಾಣಲಿಲ್ಲ. ಅವನ ಕೆನ್ನೆ ಒಳಗೆ ಹೋಗಿದೆ ಎನ್ನಿಸಿತು, ತುಟಿ ಒಣಗಿದೆ ಎನ್ನಿಸಿತು. ಅತ್ತಿಗೆ ಅವತ್ತಿನಿಂದ ಒಂದು ಹೊತ್ತಿನ ಊಟಕ್ಕೆ ಬಂದಳು. ಅದನ್ನೂ ತಟ್ಟೆಯಲ್ಲಿ ಆಚೀಚೆ ತಳ್ಳಿ ಎದ್ದುಬಿಡುತ್ತಿದ್ದಳು. ಕೇಳಿದರೆ, "ಯಾಕೋ ಇಳಿಯಲ್ಲ ಕಮಲಾ" ಎನ್ನುತ್ತಿದ್ದಳು.

ತಿರುವಲ್ಲಿಕ್ಕೇಣಿಯಲ್ಲಿ ನಮ್ಮ ದೊಡ್ಡಪ್ಪ ಇದ್ದರು. ಹನ್ನೆರಡು ವರ್ಷ ತುಂಬಿದಾಗಿನಿಂದ ಅವರು ಒಂದೇ ಮಾತು ಹೇಳುತ್ತ ಬಂದಿದ್ದರು. ಪತ್ತೆಯಿಲ್ಲದವನಿಗೆ ಹನ್ನೆರಡು ವರ್ಷ ಕಾಯಬೇಕು, ಆಮೇಲೆ ದರ್ಭೆ ಮತ್ತು ಮುತ್ತುಗದ ತೊಟ್ಟಿನಲ್ಲಿ ಆಳಿನ ಆಕಾರ ಮಾಡಿ ಸುಟ್ಟು ಕರ್ಮ ಮುಗಿಸಬೇಕು, ಇಲ್ಲದಿದ್ದರೆ ಅವನು ನೀರು ಬಿಡುವವರಿಲ್ಲದೆ ಹಸಿದು ಅಲೆಯುತ್ತಾನೆ ಎಂದು. ಅಮ್ಮ ಅದುವರೆಗೆ ಅವರ ಮಾತಿಗೆ ಕಿವಿಗೊಟ್ಟಿರಲಿಲ್ಲ. ಈ ಸಲ ಅವರು ಬಂದಾಗ ತಾನೇ ಎದ್ದು ಫೋಟೋ ತೋರಿಸಿದಳು. ದೊಡ್ಡಪ್ಪ ಕನ್ನಡಕ ಏರಿಸಿ ನೋಡಿ, "ನಾನು ಹೇಳ್ತಾ ಇದ್ದದ್ದು ಇದೇ" ಎಂದರು.

"ಮಾಡಿಸಿ" ಎಂದಳು ಅಮ್ಮ. "ನನ್ನ ಮಗ ಊಟ ಮಾಡಲಿ."

ಅತ್ತಿಗೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವಳ ಬಳೆಯ ಸದ್ದು ಕೇಳಿಸಿತು. ಅವನ ಹಸಿವು ತೀರಬೇಕಾದರೆ ಇವಳ ಕುಂಕುಮ ಅಳಿಯಬೇಕು. ಇದು ಅಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ.

ಮುಂದಿನ ವಾರ ದೊಡ್ಡಪ್ಪ ಆಚಾರ್ಯರನ್ನು ಕರೆದುಕೊಂಡು ಬಂದರು. ಒಳ್ಳೆಯ ಮನುಷ್ಯ. ವಿಧಿಯನ್ನೆಲ್ಲ ನಿಧಾನವಾಗಿ ವಿವರಿಸಿದರು. ದೊಡ್ಡಪ್ಪನ ಮಗ ಕರ್ತೃವಾಗಿ ನಿಲ್ಲುವುದೆಂದಾಯಿತು. ಎಲ್ಲ ಮುಗಿಯುವ ಹೊತ್ತಿಗೆ ಅತ್ತಿಗೆ ಬಾಗಿಲ ಹಿಂದಿನಿಂದಲೇ ಒಂದು ಮಾತು ಕೇಳಿದಳು: "ಇಷ್ಟೆಲ್ಲ ಆದಮೇಲೆ ಅವರು ಬಂದುಬಿಟ್ಟರೆ?"

ಆಚಾರ್ಯರು ನಗಲಿಲ್ಲ. "ಅದಕ್ಕೂ ವಿಧಿ ಇದೆ ತಾಯಿ. ತುಪ್ಪದಲ್ಲಿ ಮುಳುಗಿಸಿ ಎತ್ತಿ, ಆಗ ಹುಟ್ಟಿದ ಮಗು ಅಂತ ಜಾತಕರ್ಮದಿಂದ ಎಲ್ಲ ಮಾಡ್ತೀವಿ. ಕೊನೆಗೆ ಅದೇ ಹೆಂಡತಿ ಜೊತೆ ಇನ್ನೊಂದು ಸಲ ಮದುವೆ."

ಅಂದು ಸಂಜೆ ಬಾವಿಯ ಹತ್ತಿರ ಅತ್ತಿಗೆ ನನಗೆ ಹೇಳಿದಳು: "ತುಪ್ಪದಲ್ಲಿ ಮುಳುಗಿಸ್ತಾರಂತೆ ಕಮಲಾ. ನಿಮ್ಮಣ್ಣನಿಗೆ ತುಪ್ಪ ಅಂದ್ರೆ ಪ್ರಾಣ. ಅದಕ್ಕಾದರೂ ಬರಬಹುದು." ಹೇಳಿ ನಕ್ಕಳು. ಅವಳ ಜೊತೆ ನಾನೂ ನಕ್ಕೆ. ಕೊಡ ತುಂಬಿ ನೀರು ಹೊರಗೆ ಹರಿಯುವವರೆಗೂ ಇಬ್ಬರಿಗೂ ಗೊತ್ತಾಗಲಿಲ್ಲ.

ಒಂದೇ ಒಂದು ವಿಷಯಕ್ಕೆ ಜಗಳವಾಯಿತು. ಅತ್ತಿಗೆಯ ತಲೆ ಬೋಳಿಸಬೇಕು ಎಂದರು ದೊಡ್ಡಪ್ಪ. ಅಪ್ಪ ಹೋದಾಗಿನಿಂದ ಅಮ್ಮ ಕೆಂಪು ಸೀರೆಯ ಸೆರಗನ್ನು ಬೋಳುತಲೆಯ ಮೇಲೆ ಹೊದ್ದವಳು. ಎಂದೂ ಮೈದುನ, ಭಾವಂದಿರ ಎದುರು ದನಿ ಎತ್ತಿದವಳಲ್ಲ.

"ಅವಳ ಕೂದಲು ಯಾರೂ ಮುಟ್ಟಕೂಡದು" ಎಂದಳು.

"ಲೋಕ ಏನನ್ನತ್ತೆ?"

"ಲೋಕಕ್ಕೆ ಅಷ್ಟು ಆಸೆ ಇದ್ದರೆ ಲೋಕವೇ ತಲೆ ಬೋಳಿಸಿಕೊಳ್ಳಲಿ. ನಮ್ಮ ಮನೆಗೆ ನನ್ನದೊಂದು ಸಾಕು."

ದೊಡ್ಡಪ್ಪ ಕೋಪದಲ್ಲಿ ಕಾಫಿ ಕುಡಿಯದೆ ಎದ್ದರು. ಆದರೆ ಆ ಮಾತು ಮತ್ತೆ ಎತ್ತಲಿಲ್ಲ. ಅತ್ತಿಗೆಯ ಕೂದಲು ಉಳಿಯಿತು. ದೇವರು ಎಲ್ಲವನ್ನೂ ಕಿತ್ತುಕೊಳ್ಳುವುದಿಲ್ಲ.

ಕರ್ಮ ತಿರುವಲ್ಲಿಕ್ಕೇಣಿಯ ಕಡೆ ಇಂಥವಕ್ಕೆಂದೇ ಇದ್ದ ಒಂದು ಛತ್ರದಲ್ಲಿ ನಡೆಯಿತು. ಮಧ್ಯದ ದಿನಗಳನ್ನು ನಾನು ಬರೆಯುವುದಿಲ್ಲ. ಒಂದು ಬೆಳಗಿನ ಜಾವ ಅತ್ತಿಗೆಯ ಬಳೆ ಒಡೆದರು, ಕುಂಕುಮ ಒರೆಸಿದರು. ಅಷ್ಟು ಹೇಳಿದರೆ ಸಾಕು. ಕೊನೆಯ ದಿನ, ಸೀನಣ್ಣನ ಹೆಸರಿನಲ್ಲಿ ಎಲೆ ಹಾಕಿ ಬಡಿಸುವ ದಿನ, ಉಪವಾಸ ಮುರಿದು ಪಾರಣೆ ಮಾಡುವ ದ್ವಾದಶಿಗೇ ಬರುವ ಹಾಗೆ ಅಮ್ಮ ಆಚಾರ್ಯರಲ್ಲಿ ಬೇಡಿಕೊಂಡಿದ್ದಳು. ಅವರು ಪಂಚಾಂಗ ನೋಡಿ ಹಾಗೇ ಕೂಡಿಸಿಕೊಟ್ಟರು.

ಆ ದಿನ ನನಗೆ ಹೋಗಲಾಗಲಿಲ್ಲ. ಹಿಂದಿನ ದಿನವೇ ಹೊರಗಾಗಿದ್ದೆ. ತಿಂಗಳಿಗೊಮ್ಮೆ ಬರುವ ಆ ಮೂರು ದಿನ ಕರ್ಮದ ಹತ್ತಿರ ಸುಳಿಯುವಂತಿಲ್ಲ, ಮನೆಯಲ್ಲೂ ಒಂದು ಸಾಮಾನು ಮುಟ್ಟುವಂತಿಲ್ಲ. ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂತಿದ್ದೆ. ಅಲ್ಲಿಂದ ಎದುರಿಗೇ ಆ ಗೋಡೆ.

ಬೆಳಿಗ್ಗೆ ಎಲ್ಲರೂ ಹೊರಟರು. ಯಜಮಾನರು ಅತ್ತಿಗೆಯನ್ನು ಕರೆದುಕೊಂಡು ಗೇಟಿನ ಹತ್ತಿರ ನಿಂತಿದ್ದರು. ಅಮ್ಮ ಮಾತ್ರ ಏನೋ ಮರೆತವಳ ಹಾಗೆ ಹಿಂದಿರುಗಿ ಬಂದಳು. ಫೋಟೋದ ಎದುರು ನಿಂತಳು. ನಾನಿರುವುದು ಅವಳಿಗೆ ಮರೆತಿತ್ತೋ, ಇದ್ದರೆ ಇರಲಿ ಎಂದುಕೊಂಡಳೋ. ಬಗ್ಗಿ, ಆ ದೊಡ್ಡ ಕಹಳೆಗಳಲ್ಲಿ ಒಂದರ ಬಾಯಿಗೆ ತನ್ನ ಬಾಯಿ ಹತ್ತಿರ ತಂದು, ಹಿತ್ತಲಲ್ಲಿ ಆಡುವ ಹುಡುಗನನ್ನು ಕರೆಯುವ ದನಿಯಲ್ಲಿ ಕರೆದಳು.

"ಸೀನಾ, ಎಲೆ ಹಾಕ್ತಿದೀವಿ. ಬಾರೋ, ಕಣ್ಣಾ. ಸಾಕು ಉಪವಾಸ."

ಹೇಳಿ ಹೊರಟುಹೋದಳು. ಅವಳು ಹೋದಮೇಲೆ ನಾನು ಎದ್ದು ಹತ್ತಿರ ಹೋಗಿ ನಿಂತೆ. ಅಳು ಬಂದಿತ್ತು. ಸೆರಗಿನಿಂದ ಕಣ್ಣು ಒರೆಸಿಕೊಂಡು ನೋಡಿದೆ. ಕಪ್ಪು ಗೆರೆ, ಬಲಕ್ಕೆ ವಾಲಿದ ತುದಿ. ಅದರ ಕೆಳಗೆ ಏನೂ ಇಲ್ಲ. ಚೆನ್ನಾಗಿ ನೋಡಿದೆ. ಆಮೇಲೆ ಬಂದು ಚಾಪೆಯ ಮೇಲೆ ಕೂತೆ.

ಬಿಸಿಲು ಏರಿತು. ಮನೆಯಲ್ಲಿ ನಾನೊಬ್ಬಳೇ. ಬಾಗಿಲು ಹಾಕಿತ್ತು. ರಾಯರ ಸ್ತೋತ್ರ ಬಾಯಲ್ಲಿ ಹೇಳಿಕೊಳ್ಳುವಂತಿರಲಿಲ್ಲ, ಸುಮ್ಮನೆ ಅಣ್ಣನ ನೆನಪು ಮಾಡಿಕೊಳ್ಳುತ್ತಿದ್ದೆ. ಅಲ್ಲಿ ಈಗ ಅಡುಗೆ ಆಗಿರುತ್ತದೆ, ಈಗ ಪಿಂಡ ಇಡುತ್ತಿರುತ್ತಾರೆ, ಈಗ ಎಲೆಯ ಮೇಲೆ ತುಪ್ಪ ಬೀಳುತ್ತಿರುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಯಾವ ಸದ್ದೂ ಆಗಲಿಲ್ಲ. ಗಾಳಿ ಬೀಸಲಿಲ್ಲ. ಮೈ ನಡುಗಲಿಲ್ಲ. ಕತೆಗಳಲ್ಲಿ ಬರುವ ಯಾವುದೂ ನಡೆಯಲಿಲ್ಲ. ದಿನಾ ಹೋಗುವ ವಿಮಾನ ಮಾಡಿನ ಮೇಲೆ ಹಾದುಹೋಯಿತು, ಹೆಂಚು ಗಡಗಡ ಎಂದಿತು, ಅಷ್ಟೆ. ವಿಮಾನದ ಸದ್ದು ಕೇಳಿದರೆ ಫೋಟೋದ ಕಡೆ ನೋಡುವುದು ನನಗೆ ಆಗಲೇ ರೂಢಿಯಾಗಿತ್ತು. ನೋಡಿದೆ.

ಬೊಟ್ಟು ಇತ್ತು.

ದೂರದಿಂದ ನೊಣ ಕೂತಿದೆ ಎಂದುಕೊಂಡೆ. ಎದ್ದು ಹತ್ತಿರ ಹೋದೆ. ನೊಣವಲ್ಲ. ಕೈಯಾಡಿಸಿ ಗಾಳಿ ಹಾಕಿದೆ, ಕದಲಲಿಲ್ಲ. ಗಾಜಿನ ಮೇಲಿನ ಕೊಳೆ ಇರಬಹುದೆಂದು ಪಕ್ಕಕ್ಕೆ ಸರಿದು, ಆ ಕಡೆಯಿಂದ ಈ ಕಡೆಯಿಂದ ನೋಡಿದೆ. ಗಾಜಿನ ಮೇಲಿದ್ದರೆ ನಾನು ಸರಿದ ಹಾಗೆ ಅದೂ ಸರಿದಂತೆ ಕಾಣಬೇಕಿತ್ತು. ಅದು ಹಣೆಯ ಮೇಲೇ ಇತ್ತು, ಗೆರೆಯ ತುದಿಯಲ್ಲಿ, ಹುಬ್ಬುಗಳ ನಡುವೆ, ಇರಬೇಕಾದ ಜಾಗದಲ್ಲಿ. ಉದ್ದಿನ ಕಾಳಿನ ಅರ್ಧದಷ್ಟು. ಬಾಗಿಲ ಚಿಲಕ ಒಳಗಿನಿಂದ ಹಾಕಿದ ಹಾಗೇ ಇತ್ತು. ಫೋಟೋವನ್ನು ನಾನು ಮುಟ್ಟಿರಲಿಲ್ಲ. ಮುಟ್ಟುವಂತೆಯೂ ಇರಲಿಲ್ಲ.

ಹೆದರಿಕೆಯಾಯಿತೇ ಎಂದು ಕೇಳಿದರೆ, ಇಲ್ಲ. ಅಲ್ಲೇ ಗೋಡೆಗೆ ಒರಗದೆ ಕೂತುಕೊಂಡೆ. ಅವರು ಬರುವವರೆಗೂ ಅಲ್ಲಿಂದ ಕಣ್ಣು ತೆಗೆಯಲಿಲ್ಲ. ಕಣ್ಣು ತೆಗೆದರೆ ಹೋಗಿಬಿಡುತ್ತದೇನೋ ಎನ್ನಿಸಿತ್ತು.

ಸಂಜೆಯ ಮುಂಚೆಯೇ ಅವರು ಬಂದರು. ನಾನು ಗೋಡೆಯ ಕಡೆ ಕೈ ತೋರಿಸಿದೆ. ಅಮ್ಮ ನೋಡಿ ಎರಡೂ ಕೈ ಮುಗಿದಳು. ಯಜಮಾನರು ಚೌಕಟ್ಟು ಇಳಿಸಿ, ಹಿಂದಿನ ಮೊಳೆ ಕಿತ್ತು, ಗಾಜು ತೆಗೆದು, ಒದ್ದೆ ಬೆರಳಿನಿಂದ ಮೆಲ್ಲಗೆ ಉಜ್ಜಿದರು. ಭೂತಗನ್ನಡಿ ಹಿಡಿದು ನೋಡಿದರು.

"ಕಾಗದದ ಒಳಗೇ ಇದೆ" ಎಂದರು.

ಅತ್ತಿಗೆ ಎಲ್ಲರ ಹಿಂದೆ ನಿಂತಿದ್ದಳು. ಬರಿಯ ಹಣೆ, ಬರಿಗೈ. ಹಿಂದಿನ ದಿನದ ಏಕಾದಶಿಯಿಂದ ಬಾಯಿಗೆ ನೀರೂ ಹಾಕಿರಲಿಲ್ಲ, ಛತ್ರದಲ್ಲಿ ಎಷ್ಟು ಹೇಳಿದರೂ ಎಲೆಗೆ ಕೂತಿರಲಿಲ್ಲವಂತೆ. ಯಜಮಾನರ ಕೈಯಿಂದ ಫೋಟೋ ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಬೆಳಕಿಗೆ ಹಿಡಿದು ನೋಡಿದಳು. ಏನು ಹೇಳುತ್ತಾಳೋ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಸತ್ತವನಿಗೆ ನಾವಿಟ್ಟ ಅನ್ನ ಮುಟ್ಟಿತು ಎಂದುಕೊಂಡರೆ ಅವಳು ಅವತ್ತು ಕಳೆದುಕೊಂಡದ್ದು ನಿಜವಾಗಿ ಹೋಯಿತು. ಎಲ್ಲೋ ಬದುಕಿ ಇವತ್ತು ಉಂಡಿದ್ದಾನೆ ಎಂದುಕೊಂಡರೆ, ನಾವೆಲ್ಲ ಸೇರಿ ಅವಳಿಗೆ ಮಾಡಿದ್ದೇನು?

ಅತ್ತಿಗೆ ಫೋಟೋವನ್ನು ಮೇಜಿನ ಮೇಲೆ ಇಟ್ಟಳು.

"ಅತ್ತೆ, ಒಂದಿಷ್ಟು ಅನ್ನ ಹಾಕ್ತೀರಾ?" ಎಂದಳು.

ಮನೆಯಲ್ಲಿ ಅಡುಗೆಯಿರಲಿಲ್ಲ. ದಣಿದು ಬಂದಿದ್ದ ಅಮ್ಮ ಸ್ನಾನ ಮಾಡಿ, ಒಲೆ ಹಚ್ಚಿ, ಅನ್ನ ಮತ್ತು ತೊವ್ವೆ ಮಾಡಿದಳು. ಅತ್ತಿಗೆ ಅಡುಗೆಮನೆಯಲ್ಲಿ ಕೂತು ಉಂಡಳು. ನಾನು ಪಡಸಾಲೆಯ ಮೂಲೆಯಿಂದ ನೋಡುತ್ತಿದ್ದೆ. ತಟ್ಟೆಯಲ್ಲಿ ಆಚೀಚೆ ತಳ್ಳಲಿಲ್ಲ. ಎರಡನೆಯ ಸಲ ಹಾಕಿಸಿಕೊಂಡಳು, ತುಪ್ಪ ಕೇಳಿ ಹಾಕಿಸಿಕೊಂಡಳು. ಕಣ್ಣಿನಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ, ಊಟವನ್ನೂ ನಿಲ್ಲಿಸಲಿಲ್ಲ. ಅಮ್ಮ ಬಡಿಸುತ್ತ, "ಮೆಲ್ಲಗೆ ಉಣ್ಣು, ಸರಸೂ, ಮೆಲ್ಲಗೆ" ಎನ್ನುತ್ತಿದ್ದಳು.

ಯಜಮಾನರು ಆಮೇಲೆ ಹಲವು ದಿನ ಯೋಚಿಸಿದರು. ಮದರಾಸಿನ ಸೆಕೆಗೆ, ತೇವಕ್ಕೆ, ಹಳೆಯ ಫೋಟೋಗಳಲ್ಲಿ ಕಲೆ ಏಳುತ್ತದಂತೆ. ತಮ್ಮ ಬೇರೆ ಫೋಟೋಗಳಲ್ಲೂ ಹಾಗೆ ಆದದ್ದನ್ನು ತೋರಿಸಿದರು. ಆ ನೀರಿನ ಮೇಲೆ ಇಳಿಯುವ ವಿಮಾನದ ರೆಕ್ಕೆಯ ತುಂಬ ಕಂದು ಚುಕ್ಕಿ ಎದ್ದಿತ್ತು. "ಇದೂ ಅದೇ ಇರಬೇಕು" ಎಂದರು.

"ಸರಿ. ಅದಕ್ಕೆ ಬರೋಕೆ ಬೇರೆ ಜಾಗವೇ ಸಿಗಲಿಲ್ವಾ? ಬೇರೆ ದಿನವೇ ಸಿಗಲಿಲ್ವಾ?" ಎಂದು ಕೇಳಿದೆ.

"ಅದೇ ನನಗೂ ಗೊತ್ತಾಗ್ತಿಲ್ಲ" ಎಂದರು. ಅವರು ಸುಳ್ಳು ಹೇಳುವವರಲ್ಲ.

ಅಮ್ಮನಿಗೆ ಸಂದೇಹವೇ ಇರಲಿಲ್ಲ. ಮಗ ಉಂಡ, ದಾರಿ ಹಿಡಿದ. ಅವಳು ನೆಮ್ಮದಿಯಾಗಿ ಕಣ್ಣು ಮುಚ್ಚಿದಳು. ಅತ್ತಿಗೆ ನಮ್ಮ ಜೊತೆಯೇ ಇದ್ದಳು. ನನ್ನ ಮಕ್ಕಳನ್ನು ನನಗಿಂತ ಹೆಚ್ಚಾಗಿ ಅವಳೇ ಬೆಳೆಸಿದಳು. ಮತ್ತೆ ಕುಂಕುಮ ಇಡಲಿಲ್ಲ, ವರ್ಷಕ್ಕೊಮ್ಮೆ ಶ್ರಾದ್ಧದ ದಿನ ತಪ್ಪದೆ ಅಡುಗೆಗೆ ನಿಂತಳು. ಆದರೆ ಬೀದಿಯಲ್ಲಿ ಹೆಜ್ಜೆಯ ಸದ್ದಾದರೆ ತಲೆ ಎತ್ತುವುದನ್ನೂ ಬಿಡಲಿಲ್ಲ. ಅವನಿದ್ದಾನೆ ಎಂದುಕೊಂಡಿದ್ದೀಯಾ, ಇಲ್ಲ ಎಂದುಕೊಂಡಿದ್ದೀಯಾ ಎಂದು ಅವಳನ್ನು ಕೇಳಲು ನನಗೆ ಕೊನೆಯವರೆಗೂ ಬಾಯಿ ಬರಲಿಲ್ಲ. ಈಗ ಕೇಳೋಣವೆಂದರೆ ಅವಳೂ ಇಲ್ಲ.

ಫೋಟೋ ನನ್ನ ಹತ್ತಿರವೇ ಇದೆ. ಈಗ ಅದನ್ನು ನೋಡಿದವರಿಗೆ ಏನೂ ವಿಶೇಷ ಕಾಣುವುದಿಲ್ಲ. ಹಳೆಯ ಕಾಲದ ಒಂದು ವಿಚಿತ್ರ ಯಂತ್ರ, ಅಂಗಾರ ಅಕ್ಷತೆ ಇಟ್ಟ ಒಬ್ಬ ಮನುಷ್ಯ. ಬೊಟ್ಟು ಮೊದಲು ಇರಲಿಲ್ಲ ಎಂದು ಹೇಳಲು ಈಗ ಉಳಿದಿರುವವಳು ನಾನೊಬ್ಬಳೇ. ನನ್ನನ್ನು ನಂಬಿ ಎಂದು ನಾನು ಹೇಗೆ ಕೇಳಲಿ, ಇಂಥ ಕತೆ ಕೇಳಿ ಎದ್ದು ಬರುತ್ತಿದ್ದವಳೇ ನಾನು.

ದಿನಾ ಸಂಜೆ ದೇವರಿಗೆ ದೀಪ ಹಚ್ಚಿ ನಿಂತು ನನ್ನವರ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳಿಕೊಳ್ಳುತ್ತೇನೆ. ಇರುವವರಿಗೆ ಆಯುಸ್ಸು ಕೊಡಪ್ಪಾ ಎನ್ನುತ್ತೇನೆ, ಹೋದವರಿಗೆ ಸದ್ಗತಿ ಕೊಡಪ್ಪಾ ಎನ್ನುತ್ತೇನೆ. ಸೀನಣ್ಣನ ಹೆಸರು ಬಂದಾಗ ಏನು ಕೇಳಬೇಕೆಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ. ಹೆಸರಷ್ಟೇ ಹೇಳಿ ಸುಮ್ಮನೆ ನಿಲ್ಲುತ್ತೇನೆ.